ಗಾಯಾಳುವಿನ ಹಕ್ಕು ಮತ್ತು ಊರಿನ ವಕೀಲ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯ ಮಠ ಮಧ್ಯಯುಗದ ದೊಡ್ಡ ವಿದ್ಯಾಕೇಂದ್ರವಾಗಿತ್ತು. ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಜೊತೆಗೆ ಧರ್ಮಶಾಸ್ತ್ರದ ಅಧ್ಯಯನವೂ ನಡೆಯುತ್ತಿತ್ತೆಂದು 1162ರ ಶಾಸನ ತಿಳಿಸುತ್ತದೆ. ದೀನರಿಗೆ, ಅಂಗವಿಕಲರಿಗೆ ಅನ್ನ ನೀಡುವ, ರೋಗಿಗಳಿಗೆ ಚಿಕಿತ್ಸೆ ಒದಗಿಸುವ ತಾಣವೆಂದೂ ಅದೇ ಶಾಸನ ಆ ಮಠವನ್ನು ಬಣ್ಣಿಸುತ್ತದೆ. ನ್ಯಾಯದ ವಿದ್ಯೆ ಮತ್ತು ನೊಂದವರ ಆರೈಕೆ ಅಲ್ಲಿ ಒಂದೇ ಸೂರಿನಡಿ ಇದ್ದವು. ಇಂದು ಶಿಕಾರಿಪುರ, ಸೊರಬ ಸೀಮೆಯಲ್ಲಿ ಕೂಲಿಗೆ ಹೊರಟು ರಸ್ತೆಯಲ್ಲಿ ಕಾಲು ಮುರಿದುಕೊಂಡವನ ಪಾಲಿಗೆ ಇವೆರಡೂ ಪರಸ್ಪರ ಬಲುದೂರ.

ಅಪಘಾತ ಪರಿಹಾರ ಸರ್ಕಾರದ ಅನುಗ್ರಹವಲ್ಲ. 1988ರ ಮೋಟಾರು ವಾಹನ ಕಾಯ್ದೆ ಕೊಟ್ಟಿರುವ ಹಕ್ಕು. ಅಪಘಾತ ಬೆಂಗಳೂರಿನಲ್ಲೇ ನಡೆದಿರಲಿ, ನೆರೆರಾಜ್ಯದಲ್ಲೇ ಆಗಿರಲಿ, ಗಾಯಾಳು ತಾನು ವಾಸಿಸುವ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದೆಂದು 166ನೇ ಕಲಂ ಹೇಳುತ್ತದೆ. ಈ ಸೌಲಭ್ಯ ಎಷ್ಟು ಮಂದಿಗೆ ಗೊತ್ತು? ಸೇವೆಯಲ್ಲಿದ್ದಷ್ಟು ಕಾಲವೂ ನಾನು ಕಂಡದ್ದೆಂದರೆ, ಆಸ್ಪತ್ರೆಯ ಹಾಸಿಗೆಯ ಬಳಿಗೆ ಕಾನೂನಿಗಿಂತ ಮೊದಲು ತಲುಪುತ್ತಿದ್ದವನು ದಲ್ಲಾಳಿ. ಗಾಯಾಳು ಇನ್ನೂ ನರಳುತ್ತಿರುವಾಗಲೇ ದೂರದ ನಗರದ ವಕೀಲರೊಬ್ಬರ ವಕಾಲತ್ತಿಗೆ ಹೆಬ್ಬೆಟ್ಟು ಬಿದ್ದಿರುತ್ತಿತ್ತು. ಬರುವ ಪರಿಹಾರದಲ್ಲಿ ಇಂತಿಷ್ಟು ಪಾಲು ಎಂಬ ಮಾತು ಬಾಯಲ್ಲೇ ಮುಗಿದಿರುತ್ತಿತ್ತು.

ಅಮೆರಿಕದಲ್ಲಿ ಗೆದ್ದ ಹಣದ ಮೂರನೇ ಒಂದು ಭಾಗದಷ್ಟನ್ನು ವಕೀಲರು ಪಡೆಯುವುದು ಸಾಮಾನ್ಯ ಪದ್ಧತಿ. ನಮ್ಮಲ್ಲಿ ಹಾಗಿಲ್ಲ. ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನೂ ಪರಿಹಾರದಲ್ಲಿ ಪಾಲನ್ನೂ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ದಲ್ಲಾಳಿಗಳ ಮೂಲಕ ಕಕ್ಷಿದಾರರನ್ನು ಹಿಡಿಯುವುದೂ ನಿಷಿದ್ಧ. ಕೈಯಲ್ಲಿ ಕಾಸಿಲ್ಲದವನಿಗೆ ಪಾಲಿನ ಒಪ್ಪಂದವೇ ನ್ಯಾಯಾಲಯದ ಬಾಗಿಲು ತೆರೆಯುತ್ತದೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ನಿಯಮದ ಕಣ್ಣಿಗೆ ಮರೆಯಾಗಿ ನಡೆಯುವ ಒಪ್ಪಂದದಲ್ಲಿ ರಸೀದಿಯಿಲ್ಲ, ಮಿತಿಯಿಲ್ಲ, ಕೇಳುವವರೂ ಇಲ್ಲ. ನಷ್ಟ ದುರ್ಬಲನಿಗೇ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಪರಿಹಾರದ ಲೆಕ್ಕ ಮುಖ್ಯವೆನಿಸುತ್ತದೆ. 2009ರ ಸರಳಾ ವರ್ಮಾ ತೀರ್ಪು ವಯಸ್ಸಿಗೆ ತಕ್ಕ ಗುಣಕವನ್ನು ನಿಗದಿಪಡಿಸಿತು. ಮೂವತ್ತು ವರ್ಷದವನಿಗೆ ಅದು 17. ದುಡಿಮೆಯ ಸಾಮರ್ಥ್ಯದಲ್ಲಿ ಶೇ 20ರಷ್ಟು ಕುಂದಾಗಿ, ಮಾಸಿಕ ಆದಾಯ 12,000 ರೂಪಾಯಿ ಎಂದು ಸಾಬೀತಾದರೆ, ಆದಾಯ ನಷ್ಟವೊಂದಕ್ಕೇ 4,89,600 ರೂಪಾಯಿ ಬರಬೇಕು. ಆದಾಯವನ್ನು 8,000 ಎಂದು ಹಿಡಿದರೆ ಅದು 3,26,400ಕ್ಕೆ ಇಳಿಯುತ್ತದೆ. ಸಂಬಳದ ಚೀಟಿಯೇ ಇಲ್ಲದ ಕೂಲಿಯವರ ಬದುಕಿನಲ್ಲಿ ಈ ಒಂದು ಲಕ್ಷ ಅರವತ್ತಮೂರು ಸಾವಿರದ ಅಂತರವನ್ನು ತೀರ್ಮಾನಿಸುವುದು ಸಾಕ್ಷ್ಯ ಮಾತ್ರ.

ಊರಿನ ವಕೀಲರ ಅಗತ್ಯ ಇರುವುದು ಇಲ್ಲಿಯೇ. ಹಾಲಿನ ಸೊಸೈಟಿಯ ಪುಸ್ತಕ, ಪಹಣಿ, ಕೆಲಸ ಕೊಟ್ಟ ರೈತನ ಹೇಳಿಕೆ ಇವೆಲ್ಲ ಎಲ್ಲಿ ಸಿಗುತ್ತವೆಂದು ಬಲ್ಲವರು ಅವರು. ಅಂಗವೈಕಲ್ಯದ ಪ್ರಮಾಣಪತ್ರ ಕೊಟ್ಟ ವೈದ್ಯರನ್ನು ಸಾಕ್ಷಿಕಟ್ಟೆಗೆ ಕರೆತರುವುದೂ ಹತ್ತಿರದಲ್ಲಿರುವವರಿಗೇ ಸುಲಭ. ಕಾಲು ಕಳೆದುಕೊಂಡ ಗುಮಾಸ್ತನ ನಷ್ಟವೂ ಮರ ಹತ್ತಿ ಅಡಿಕೆ ಕೊಯ್ಯುವವನ ನಷ್ಟವೂ ಒಂದೇ ಅಲ್ಲ. ವೈಕಲ್ಯವನ್ನು ವೃತ್ತಿಯೊಡನೆ ಇಟ್ಟು ಅಳೆಯಬೇಕೆಂದು ಸುಪ್ರೀಂ ಕೋರ್ಟ್ 2010ರ ರಾಜ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಅಡಿಕೆ ಕೊಯ್ಲೆಂದರೇನೆಂದು ತಿಳಿದ ವಕೀಲರೇ ಅದನ್ನು ನ್ಯಾಯಾಧೀಶರ ಮುಂದೆ ಸಮರ್ಥವಾಗಿ ಇಡಬಲ್ಲರು.

ಕಾಲಮಿತಿಯ ಪ್ರಶ್ನೆಯೂ ಇದೆ. 2019ರ ತಿದ್ದುಪಡಿಯಂತೆ, 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು. ವಿಳಂಬದ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ನೀಡಿತು. ಮಧ್ಯಂತರ ಆದೇಶವನ್ನೇ ನಂಬಿ ಕೂರುವುದು ವಿವೇಕವಲ್ಲ. ಮೂಳೆ ಕೂಡಿಕೊಳ್ಳಲೇ ಎಷ್ಟೋ ಬಾರಿ ಆರು ತಿಂಗಳು ಸಾಲದು.

ಊರಿನವರೆಂದ ಮಾತ್ರಕ್ಕೆ ಎಲ್ಲ ವಕೀಲರೂ ಸಮರ್ಥರು, ಪ್ರಾಮಾಣಿಕರು ಎಂದು ನಾನು ಹೇಳುತ್ತಿಲ್ಲ. ಆದರೆ ಸಂತೆಯ ದಿನ ಎದುರು ಸಿಗುವವರನ್ನು ಲೆಕ್ಕ ಕೇಳಬಹುದು. ಮುನ್ನೂರು ಕಿಲೋಮೀಟರ್ ಆಚೆಯ ಕಚೇರಿಯನ್ನು ಕೇಳುವವರಾರು? ಶುಲ್ಕವನ್ನು ಮೊದಲೇ ಬರವಣಿಗೆಯಲ್ಲಿ ಪಡೆಯುವುದು, ಖಾಲಿ ಕಾಗದಕ್ಕೂ ಖಾಲಿ ಚೆಕ್ಕಿಗೂ ಸಹಿ ಹಾಕದಿರುವುದು, ಪರಿಹಾರ ತನ್ನ ಬ್ಯಾಂಕ್ ಖಾತೆಗೇ ಜಮೆಯಾಗುವಂತೆ ನೋಡಿಕೊಳ್ಳುವುದು ಗಾಯಾಳುವಿನ ಕುಟುಂಬ ಪಾಲಿಸಬೇಕಾದ ಕನಿಷ್ಠ ಎಚ್ಚರ.

ಉಳಿದ ಹೊಣೆ ವ್ಯವಸ್ಥೆಯದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. 2022ರ ನಿಯಮಗಳಂತೆ ಪೊಲೀಸರು 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನು ನ್ಯಾಯಮಂಡಳಿಗೆ ಕಳುಹಿಸಬೇಕು. ಅದರ ಪ್ರತಿ ಅದೇ ದಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೂ ತಲುಪಲಿ. ಸಮಿತಿಯ ಸ್ವಯಂಸೇವಕರು ಸ್ಥಳೀಯ ವಕೀಲರ ಪಟ್ಟಿಯೊಡನೆ ಆಸ್ಪತ್ರೆಗೆ ಹೋಗಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಜಿಲ್ಲಾ ನ್ಯಾಯಾಧೀಶರು ಮತ್ತು ಪೊಲೀಸ್ ವರಿಷ್ಠಾಧಿಕಾರಿ ಒಂದು ದಿನ ಕುಳಿತು ಮಾತನಾಡಿದರೆ ಸಾಕು.