ಉಯಿಲಿಗೆ ಸಹಿಯಷ್ಟೇ ಸಾಲದು

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಉಯಿಲನ್ನು ಯಾರೂ ಅಲುಗಾಡಿಸಲಾರರು ಎಂದು ಬಹಳ ಜನ ನಂಬಿದ್ದಾರೆ. ನಿಜಕ್ಕೂ ಉಯಿಲಿಗೆ ನೋಂದಣಿ ಕಡ್ಡಾಯವಲ್ಲ, ಛಾಪಾ ಕಾಗದವೂ ಬೇಕಿಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಬೇಕಾದದ್ದು ಉಯಿಲು ಮಾಡಿದವರ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಅವರ ಎದುರೇ ಸಹಿ ಹಾಕಿದ ಕನಿಷ್ಠ ಇಬ್ಬರು ಸಾಕ್ಷಿಗಳು. ನೋಂದಣಿ ಮಾಡಿಸುವುದು ಒಳ್ಳೆಯದೇ. ಆದರೆ ವ್ಯಾಜ್ಯ ಬಂದಾಗ ಆ ಮೊಹರು ಸಾಲುವುದಿಲ್ಲ. ಬದುಕಿರುವ ಒಬ್ಬ ಸಾಕ್ಷಿಯಾದರೂ ಕಟಕಟೆ ಹತ್ತಿ ಹೇಳಬೇಕು. ಹಾಗಾಗಿ ಎಪ್ಪತ್ತೈದರ ಯಜಮಾನರು ತಮ್ಮದೇ ವಯಸ್ಸಿನ ಗೆಳೆಯರಿಬ್ಬರನ್ನು ಸಾಕ್ಷಿ ಹಾಕಿಸುವುದು ಜಾಣತನವಲ್ಲ.

ಈ ವಿಷಯದಲ್ಲಿ ದೇಶದ ನ್ಯಾಯಾಲಯಗಳೆಲ್ಲ ಇಂದಿಗೂ ಉಲ್ಲೇಖಿಸುವ ತೀರ್ಪು ಹುಟ್ಟಿದ್ದು ಮೈಸೂರು ಸೀಮೆಯ ಒಂದು ಉಯಿಲಿನಿಂದ. ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಜಮ್ಮ ನಡುವಿನ ಆ ಪ್ರಕರಣವನ್ನು ಸುಪ್ರೀಂ ಕೋರ್ಟ್ 1958ರಲ್ಲಿ ತೀರ್ಮಾನಿಸಿತು. ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿದ್ದರೆ ಅದು ಅನುಮಾನಕ್ಕೆ ಎಡೆಕೊಡುತ್ತದೆ, ಆ ಅನುಮಾನ ಕಳೆಯುವ ಹೊಣೆ ಉಯಿಲನ್ನು ಮುಂದಿಡುವವರದೇ ಎಂದಿತು. ಆ ಉಯಿಲು ನಿಲ್ಲಲಿಲ್ಲ.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೇ? ತಂದೆ ಹಾಸಿಗೆ ಹಿಡಿದಿರುತ್ತಾರೆ. ಹಿರಿಮಗ ಪತ್ರ ಬರಹಗಾರರನ್ನು ಕರೆತರುತ್ತಾನೆ, ಒಕ್ಕಣೆ ತಾನೇ ಹೇಳುತ್ತಾನೆ, ಹೆಬ್ಬೆಟ್ಟಿಗೆ ಶಾಯಿಯನ್ನೂ ಅವನೇ ಹಚ್ಚುತ್ತಾನೆ. ಗಂಡನ ಮನೆಯಲ್ಲಿರುವ ತಂಗಿಯರಿಗೆ ಸುದ್ದಿ ತಲುಪುವುದು ತಿಥಿ ಮುಗಿದ ಮೇಲೆ. ತಂದೆ ಮನಸಾರೆ ಕೊಟ್ಟಿದ್ದರೂ ಅದನ್ನು ರುಜುವಾತು ಮಾಡುವುದು ಆ ಮಗನಿಗೆ ಕಷ್ಟವಾಗುತ್ತದೆ. ಮೈಯಲ್ಲಿ ಕಸುವಿರುವಾಗಲೇ, ಪಾಲು ಪಡೆಯುವವರನ್ನು ದೂರವಿಟ್ಟು ಉಯಿಲು ಮಾಡಿ. ಯಾರಿಗಾದರೂ ಕಡಿಮೆ ಕೊಡುವುದಿದ್ದರೆ ಕಾರಣವನ್ನು ನಿಮ್ಮ ಮಾತಿನಲ್ಲೇ ಬರೆಸಿ. ಮನಸ್ಸು ಬದಲಾದರೆ ಹೊಸದನ್ನು ಬರೆಯಬಹುದು, ಊರ್ಜಿತವಾಗುವುದು ಕೊನೆಯದೇ.

ಇನ್ನೊಂದು ಮಾತು, ಹೆಣ್ಣುಮಕ್ಕಳ ಬಗ್ಗೆ. ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ತಂದೆ ಇಷ್ಟಬಂದವರಿಗೆ ಕೊಡಬಹುದು. ಆದರೆ ಪಿತ್ರಾರ್ಜಿತದಲ್ಲಿ ಅವರು ಉಯಿಲು ಬರೆಯಬಹುದಾದದ್ದು ತಮ್ಮ ಪಾಲಿಗಷ್ಟೇ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಂತೆ ಹುಟ್ಟಿನಿಂದಲೇ ಹಕ್ಕಿದೆ. ಮದುವೆಯಾದರೂ ಅದು ಹೋಗುವುದಿಲ್ಲ. ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಪಹಣಿಯಲ್ಲಿ ತಂದೆಯ ಹೆಸರೊಂದೇ ಇದ್ದ ಮಾತ್ರಕ್ಕೆ ತಾತನ ಕಾಲದ ಗದ್ದೆ ಪೂರ್ತಿ ಅವರದಾಗುವುದಿಲ್ಲ. ಉಯಿಲಿಗೆ ಕೂರುವ ಮುನ್ನ ಆ ಜಮೀನು ಯಾರಿಂದ, ಹೇಗೆ ಬಂತೆಂಬ ಹಳೆಯ ಪತ್ರಗಳನ್ನು ಹುಡುಕಿ ತೆಗೆದು ವಕೀಲರಿಗೆ ತೋರಿಸಿ.