ವೀಸಾ ಬಂತು ಸರಿ, ಇರೋ ಹಕ್ಕು ಎಷ್ಟು ದಿನ?

‘ವೀಸಾ ಬಂತಂತೆ, ಇನ್ನೇನು ಹುಡುಗ ಅಲ್ಲೇ ಸೆಟ್ಲ್’ ಅನ್ನೋ ಮಾತನ್ನು ನೀವೂ ಕೇಳಿರ್ತೀರಿ. ಈ ಒಂದು ಸಾಲಿನಲ್ಲಿ ಮೂರು ಬೇರೆ ಬೇರೆ ವಿಷಯ ಕಲಸಿಹೋಗಿವೆ: ದೇಶದ ಒಳಗೆ ಹೋಗೋಕೆ ಅನುಮತಿ, ಅಲ್ಲಿ ಇರೋಕೆ ಅನುಮತಿ, ಅಲ್ಲೇ ನೆಲೆಸೋ ಹಕ್ಕು. ಮೊದಲನೆಯದು ಸಿಕ್ಕಿದ ಖುಷಿಯಲ್ಲಿ ಮೂರನೆಯದೂ ಸಿಕ್ಕಿತು ಅಂದುಕೊಂಡು ಮನೆಯವರು ಸಾಲಕ್ಕೆ ಸಹಿ ಹಾಕ್ತಾರೆ. ತೊಂದರೆ ಶುರುವಾಗೋದೇ ಅಲ್ಲಿ.

ಮಾರಿಕುಪ್ಪಂ, ಬಂಗಾರಪೇಟೆಯಿಂದ ದಿನಾ ಬೆಂಗಳೂರಿಗೆ ಓಡಾಡೋರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ಕೈಯಲ್ಲಿ ಮಂತ್ಲಿ ಪಾಸ್ ಇದೆ ಅಂತ ರಿಸರ್ವೇಶನ್ ಬೋಗಿಯಲ್ಲಿ ಹೋಗಿ ಕೂರೋಕಾಗಲ್ಲ. ಪಾಸ್‌ಗೂ ದಾರಿ, ಅವಧಿ, ದರ್ಜೆ ಅಂತ ಇರುತ್ತೆ. ವಿದೇಶದ ಕಾಗದಗಳೂ ಹಾಗೇ.

ಅಮೆರಿಕದ್ದು ನೋಡಿ. ಪಾಸ್‌ಪೋರ್ಟ್‌ನಲ್ಲಿ ಅಂಟಿಸೋ ಎಫ್-1 ವೀಸಾ ಗಡಿಯಲ್ಲಿ ಒಳಗೆ ಬಿಡಿ ಅಂತ ಕೇಳೋ ಚೀಟಿ, ಅಷ್ಟೇ. ಅಲ್ಲಿ ಇರೋ ಸ್ಥಿತಿ, ಅಂದರೆ ಸ್ಟೇಟಸ್, ನಿಂತಿರೋದು ಕಾಲೇಜು ಕೊಡೋ ಐ-20, ಪ್ರವೇಶದಲ್ಲಿ ಸಿಗೋ ಐ-94 ಮತ್ತು ನೀವು ಪೂರ್ತಿ ಕೋರ್ಸ್ ಓದ್ತಾ ಇರೋದರ ಮೇಲೆ. ವೀಸಾ ಚೀಟಿಗೆ ಇನ್ನೂ ಮೂರು ವರ್ಷ ಇದ್ದರೂ ಕಾಲೇಜು ಬಿಟ್ಟರೆ ಸ್ಟೇಟಸ್ ಹೋಗುತ್ತೆ. ಚೀಟಿ ಮುಗಿದರೂ ಸ್ಟೇಟಸ್ ಸರಿ ಇದ್ದರೆ ಅಲ್ಲೇ ಓದಬಹುದು, ಆದರೆ ಊರಿಗೆ ಬಂದರೆ ವಾಪಸ್ ಹೋಗೋಕೆ ಹೊಸ ವೀಸಾ ಬೇಕು. ಅಕ್ಕನ ಮದುವೆಗೆ ಟಿಕೆಟ್ ಬುಕ್ ಮಾಡೋ ಮುಂಚೆ ನೋಡಬೇಕಾದ ದಿನಾಂಕ ಇದು.

ಓದು ಮುಗಿದ ಮೇಲೆ ಒಪಿಟಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ವಿಜ್ಞಾನ, ಎಂಜಿನಿಯರಿಂಗ್ ಪದವಿಗಳಿಗೆ ಇನ್ನೂ 24 ತಿಂಗಳು ಸಿಗಬಹುದು. ಆಮೇಲೆ ಎಚ್-1ಬಿ. ವರ್ಷದ ಮಿತಿ 65,000. ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಇನ್ನೂ 20,000. ಅರ್ಹತೆ ಇದ್ದರೂ ಆಯ್ಕೆ ಆಗದೇ ಇರಬಹುದು. ಅದರಾಚೆಗಿನ ಗ್ರೀನ್ ಕಾರ್ಡ್‌ನಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇರೋದರಿಂದ ಭಾರತೀಯರ ಕ್ಯೂ ತುಂಬಾ ಉದ್ದ.

ಜರ್ಮನಿಯಲ್ಲಿ ಮೊದಲು ನ್ಯಾಷನಲ್ ವೀಸಾದಲ್ಲಿ ಹೋಗಿ, ಅಲ್ಲಿನ ವಿದೇಶಿಯರ ಕಚೇರಿಯಲ್ಲಿ ವಾಸದ ಪರವಾನಗಿ ಪಡೀಬೇಕು. ಖರ್ಚಿಗೆ ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ತೋರಿಸಬೇಕು ಅಂತ 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಯಿತು. ಪದವಿ ಮುಗಿದ ಮೇಲೆ ಕೆಲಸ ಹುಡುಕೋಕೆ 18 ತಿಂಗಳವರೆಗೆ ಅವಕಾಶ ಇದೆ. ಬ್ರಿಟನ್‌ನಲ್ಲಿ ಗ್ರಾಜುಯೇಟ್ ವೀಸಾ ಮಾಸ್ಟರ್ಸ್ ಮಾಡಿದವರಿಗೆ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕೋರಿಗೆ 18 ತಿಂಗಳು. ಅದನ್ನು ವಿಸ್ತರಿಸೋಕಾಗಲ್ಲ. ಉಳಿಯಬೇಕಂದ್ರೆ ಸ್ಕಿಲ್ಡ್ ವರ್ಕರ್‌ನಂಥ ಬೇರೆ ವರ್ಗಕ್ಕೆ ಬದಲಾಗಬೇಕು.

ಕೆಲಸಕ್ಕೆ ಕಟ್ಟಿದ ವಾಸ ಅಂದ್ರೆ ಏನು ಅಂತ ಕೆಜಿಎಫ್‌ಗೆ ಯಾರೂ ಹೇಳಿಕೊಡಬೇಕಿಲ್ಲ. ಗಣಿ ಕೆಲಸದ ಜೊತೆಗೇ ಕಂಪನಿ ಕ್ವಾರ್ಟರ್ಸ್ ಬಂದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಸಂಬಳ ನಿಂತಿದ್ದಷ್ಟೇ ಅಲ್ಲ, ಈ ಮನೆ ಯಾರದ್ದು ಅನ್ನೋ ಪ್ರಶ್ನೆಯೂ ಎದ್ದಿತು. ತಲೆಮಾರುಗಳಿಂದ ಬದುಕಿದ ಜಾಗ ಒಂದು, ಕಾಗದದ ಮೇಲಿನ ಹಕ್ಕು ಇನ್ನೊಂದು. ಎಚ್-1ಬಿಯಲ್ಲೂ ಅದೇ ಕಥೆ: ಕೆಲಸ ಹೋದರೆ ಸಾಮಾನ್ಯವಾಗಿ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಹೊಸ ಕಂಪನಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವರ್ಗಕ್ಕೆ ಅರ್ಜಿ ಕೊಡಬೇಕು, ಇಲ್ಲವೇ ಹೊರಡಬೇಕು.

ಸಾಲದ ಲೆಕ್ಕ ಇದಕ್ಕೆ ಹೊಂದಬೇಕು. ಸರ್ಕಾರಿ ಬ್ಯಾಂಕ್‌ಗಳ ಮಾದರಿ ಶಿಕ್ಷಣ ಸಾಲದಲ್ಲಿ 7.5 ಲಕ್ಷ ರೂಪಾಯಿ ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ ಕೇಳ್ತಾರೆ. ಕ್ವಾರ್ಟರ್ಸ್ ಮನೆಗೆ ಹಕ್ಕುಪತ್ರ ಇಲ್ಲದಿದ್ದರೆ ಅದು ಅಡಮಾನಕ್ಕೆ ಬರಲ್ಲ. ಆಗ ಅಜ್ಜಿಯ ಹೆಸರಿನ ಹೊಲವೋ ಮಾವನ ಸೈಟೋ ಬ್ಯಾಂಕಿಗೆ ಹೋಗುತ್ತೆ. ಹಾಗಾಗಿ ಕಂತಿನ ಲೆಕ್ಕವನ್ನು ಡಾಲರ್ ಸಂಬಳದಲ್ಲಿ ಒಮ್ಮೆ ಹಾಕಿ, ವಾಪಸ್ ಬಂದು ಬೆಂಗಳೂರಿನಲ್ಲಿ ಸಿಗೋ ಸಂಬಳದಲ್ಲಿ ಇನ್ನೊಮ್ಮೆ ಹಾಕಿ. ಎರಡನೆಯದೂ ಹೇಗೋ ಸರಿಹೋಗುತ್ತೆ ಅಂದ್ರೆ ಮಾತ್ರ ಧೈರ್ಯವಾಗಿ ಮುಂದೆ ಹೋಗಿ.

ಇಲ್ಲಿನ ಕಡೆಯೂ ಒಂದು ವರ್ಗ ಬದಲಾಗುತ್ತೆ. ವಿದೇಶಿ ವಿನಿಮಯ ಕಾನೂನಿನ ಪ್ರಕಾರ ಓದೋಕೆ ಹೋದವರೂ ಎನ್‌ಆರ್‌ಐ; ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ತೆರಿಗೆಗೆ ಮಾತ್ರ ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ ಎಷ್ಟು ದಿನ ಇದ್ದಿರಿ ಅನ್ನೋ ಲೆಕ್ಕವೇ ಬೇರೆ.

ಕನ್ಸಲ್ಟೆಂಟ್ ಹತ್ತಿರ ಕೂತಾಗ ‘ಪಿಆರ್ ಸಿಗುತ್ತಾ’ ಅಂತ ಕೇಳಬೇಡಿ, ಉತ್ತರ ಯಾವಾಗಲೂ ಹೌದು ಅಂತಲೇ ಬರುತ್ತೆ. ಬದಲಿಗೆ ಹೀಗೆ ಕೇಳಿ: ಈ ವರ್ಗದಲ್ಲಿ ವಾರಕ್ಕೆ ಎಷ್ಟು ಗಂಟೆ ಕೆಲಸ ಮಾಡಬಹುದು? ಓದು ಮುಗಿದ ದಿನದಿಂದ ಎಷ್ಟು ದಿನ ಉಳೀಬಹುದು? ಓದಿದ ವರ್ಷಗಳು ಪಿಆರ್ ಲೆಕ್ಕಕ್ಕೆ ಸೇರುತ್ತಾ? ಕೆಲಸ ಹೋದರೆ ಎಷ್ಟು ದಿನ? ಉತ್ತರಗಳನ್ನು ಬರೆದುಕೊಂಡು ಬಂದು, ಆ ದೇಶದ ಸರ್ಕಾರಿ ವೆಬ್‌ಸೈಟ್‌ನಲ್ಲಿ ತಾಳೆ ನೋಡಿ. ನಿಯಮಗಳು ವರ್ಷಕ್ಕೊಮ್ಮೆ ಬದಲಾಗ್ತಾ ಇರುತ್ತವೆ. ಆ ಹಾಳೆಯನ್ನು ಅಪ್ಪ ಅಮ್ಮನಿಗೂ ಓದಿ ಹೇಳಿ. ಸಾಲದ ಪತ್ರಕ್ಕೆ ಸಹಿ ಹಾಕೋರು ಅವರೇ ಅಲ್ವಾ.