ಎದೆಯುರಿ: ಬೀದರದಿಂದ ಬಂದ ಮೂರು ಪತ್ರಗಳು

ಈ ವಾರ ನಮ್ಮ ಮುಂದಿರುವ ಪತ್ರಗಳಲ್ಲಿ ಮೂರು ಬೀದರ ಜಿಲ್ಲೆಯಿಂದ ಬಂದವು. ಬರೆದವರು ಒಬ್ಬರನ್ನೊಬ್ಬರು ಅರಿಯರು. ಆದರೂ ಮೂವರ ದೂರೂ ಎದೆಯುರಿಯ ಸುತ್ತಲೇ ಸುತ್ತುತ್ತಿದೆ.

ಬೀದರ ನಗರದ ಕಚೇರಿ ನೌಕರರೊಬ್ಬರು ಬರೆಯುತ್ತಾರೆ: “ಹತ್ತು ವರ್ಷಗಳಿಂದ ಈ ಬೇನೆ. ರಾತ್ರಿ ಮಲಗಿದೊಡನೆ ಹುಳಿನೀರು ಗಂಟಲಿಗೆ ಏರುತ್ತದೆ. ಖಾರ ಬಿಟ್ಟೆ, ಎಣ್ಣೆ ಬಿಟ್ಟೆ. ಉರಿ ಮಾತ್ರ ನನ್ನನ್ನು ಬಿಡಲಿಲ್ಲ.” ಭಾಲ್ಕಿಯ ಗೃಹಿಣಿಯೊಬ್ಬರು ತಮ್ಮ ಅತ್ತೆಯವರ ವಿಷಯ ತಿಳಿಸಿದ್ದಾರೆ. ಆ ಹಿರಿಯರಿಗೆ ಮೊಣಕಾಲ ನೋವು. ನೋವಿಗೊಂದು ಗುಳಿಗೆ, ಅದರಿಂದ ಹೊಟ್ಟೆ ಉರಿದರೆ ಉರಿಗೊಂದು ಗುಳಿಗೆ. ಎರಡನ್ನೂ ಕೊಡುವವರು ಔಷಧದಂಗಡಿಯವರೇ. ಮೂರನೆಯ ಪತ್ರ ಔರಾದದ ಉಪಾಧ್ಯಾಯರದು. ಅವರ ತಂದೆಗೆ ಒಂದು ರಾತ್ರಿ ಎದೆಯಲ್ಲಿ ಸಂಕಟ, ಮೈಯೆಲ್ಲ ಬೆವರು. “ಗ್ಯಾಸ್ ಆಗ್ಯಾದ, ಹೋಗ್ತದ” ಎಂದು ಮನೆಯವರು ಸೋಡ ಕುಡಿಸಿ ಬೆಳಗಿನವರೆಗೆ ಕಾದರು. ಆಗಿದ್ದುದು ಹೃದಯಾಘಾತ. ತಂದೆಯವರು ಉಳಿದರು, ಹೃದಯದ ಬಲ ಮಾತ್ರ ಕುಂದಿತು. “ಯಾವುದು ಉರಿ, ಯಾವುದು ಹೃದಯ ಎಂಬುದನ್ನು ನಮ್ಮಂಥವರು ತಿಳಿಯುವುದು ಹೇಗೆ?” ಎಂದು ಮಗ ಕೇಳಿದ್ದಾರೆ.

ಮೂವರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವ ಮೊದಲು ಬೇನೆಯ ಮೂಲವನ್ನು ಒಮ್ಮೆ ನೋಡೋಣ.

ನಾವು ನುಂಗಿದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಮೂಲಕ ಇಳಿದು, ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆ ಎಂಬ ಸ್ನಾಯುವಿನ ತೆರೆಯನ್ನು ದಾಟಿ, ಜಠರವನ್ನು ಸೇರುತ್ತದೆ. ಅನ್ನನಾಳವು ಜಠರವನ್ನು ಕೂಡುವ ಸ್ಥಳದಲ್ಲಿ ಉಂಗುರದಂಥ ಒಂದು ಸ್ನಾಯುವಿದೆ. ತುತ್ತು ಬಂದಾಗ ತೆರೆದುಕೊಳ್ಳುವುದು, ಇಳಿದೊಡನೆ ಮುಚ್ಚಿಕೊಳ್ಳುವುದು ಅದರ ಕೆಲಸ. ಜಠರದಲ್ಲಿ ದಿನವೊಂದಕ್ಕೆ ಸುಮಾರು 2 ಲೀಟರ್ ಜಠರರಸ ಒಸರುತ್ತದೆ. ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಮ್ಲ ಎಂಬುದನ್ನು 1824ರಲ್ಲಿ ವಿಲಿಯಂ ಪ್ರೌಟ್ ಎಂಬ ಆಂಗ್ಲ ವೈದ್ಯನು ಪ್ರಕಟಿಸಿದನು. ಇಷ್ಟು ತೀಕ್ಷ್ಣವಾದ ದ್ರವವನ್ನು ತಾಳಿಕೊಳ್ಳಲು ಜಠರದ ಒಳಗೋಡೆಗೆ ಲೋಳೆಯ ದಪ್ಪ ಲೇಪವಿದೆ. ಅನ್ನನಾಳಕ್ಕೆ ಅಂಥ ರಕ್ಷಣೆಯಿಲ್ಲ. ಆದುದರಿಂದ ಬಾಗಿಲು ಸಡಿಲವಾಗಿ ಆಮ್ಲ ಮೇಲಕ್ಕೇರಿದರೆ, ಕೆಳಗೆ ಅನ್ನವನ್ನು ಅರಗಿಸುತ್ತಿದ್ದ ರಸವೇ ಮೇಲೆ ಉರಿಯಾಗುತ್ತದೆ. ಎದೆಯುರಿಯುಳ್ಳ ಹೆಚ್ಚಿನವರ ಜಠರದಲ್ಲಿ ಆಮ್ಲವೇನೂ ಮಿತಿಮೀರಿರುವುದಿಲ್ಲ. ದೋಷವಿರುವುದು ಬಾಗಿಲಲ್ಲಿ.

ನಮ್ಮ ಹಿಂದಿನವರಿಗೂ ಈ ಮೇಲ್ಮುಖ ಸಂಚಾರ ಗೊತ್ತಿತ್ತು. ಮಾಧವನಿದಾನದಲ್ಲಿ ಅಮ್ಲಪಿತ್ತವನ್ನು ಊರ್ಧ್ವಗ, ಅಧೋಗ ಎಂದು ಎರಡಾಗಿ ವಿಂಗಡಿಸಿದ್ದಾರೆ. ಇಂದು ನಾವು ಎದೆಯುರಿ, ಹುಳಿತೇಗು ಎನ್ನುವ ಲಕ್ಷಣಗಳು ಮೊದಲನೆಯ ಬಗೆಯವು.

ಬಾಗಿಲು ಸಡಿಲವಾಗುವುದೇಕೆ? ಹೊಟ್ಟೆ ಬಿರಿಯುವಂತೆ ಉಂಡರೆ ಜಠರ ಹಿಗ್ಗಿ ಆ ಸ್ನಾಯು ಮತ್ತೆ ಮತ್ತೆ ಸಡಿಲುತ್ತದೆ. ಜಿಡ್ಡಿನ ಪದಾರ್ಥಗಳು ಜಠರದಲ್ಲಿ ಬಹಳ ಹೊತ್ತು ನಿಲ್ಲುತ್ತವೆ. ಬೀಡಿ, ಸಿಗರೇಟು, ಮದ್ಯ ಇವು ಸ್ನಾಯುವಿನ ಬಿಗಿಯನ್ನೇ ಕುಗ್ಗಿಸುತ್ತವೆ. ಬೊಜ್ಜು ಹೊಟ್ಟೆಯೂ ಬಿಗಿಯಾಗಿ ಕಟ್ಟಿದ ನಡುಪಟ್ಟಿ, ಲಂಗದ ಲಾಡಿಗಳೂ ಜಠರವನ್ನು ಕೆಳಗಿನಿಂದ ಅದುಮುತ್ತವೆ. ಕೆಲವರಲ್ಲಿ ವಪೆಯ ರಂಧ್ರ ಅಗಲವಾಗಿ ಜಠರದ ಮೇಲ್ಭಾಗವೇ ಎದೆಗೂಡಿನೊಳಕ್ಕೆ ನುಸುಳಿರುತ್ತದೆ. ಗರ್ಭಿಣಿಯರಲ್ಲಿ ಉರಿ ಕಾಣುವುದು ಸಾಮಾನ್ಯ. ಹೆರಿಗೆಯ ಬಳಿಕ ಅದು ಬಹುಮಟ್ಟಿಗೆ ತಾನೇ ಇಳಿಯುತ್ತದೆ.

ಈಗ ಬೀದರದ ಮಹಾಶಯರ ಪತ್ರಕ್ಕೆ ಬರೋಣ. ಅವರು ತಮ್ಮ ದಿನಚರಿಯನ್ನು ಪ್ರಾಮಾಣಿಕವಾಗಿ ಬರೆದು ಕಳುಹಿಸಿದ್ದಾರೆ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಚಹಾ; ಕಚೇರಿಯಲ್ಲಿ ನಾಲ್ಕಾರು ಸಲ ಚಹಾ; ಮಧ್ಯಾಹ್ನ ಅವಸರದಲ್ಲಿ ನಾಲ್ಕು ತುತ್ತು; ರಾತ್ರಿ ಹತ್ತೂವರೆಗೆ ಹೆಂಡತಿ ಮಕ್ಕಳೊಡನೆ ಹೊಟ್ಟೆ ತುಂಬ ಊಟ; ಹನ್ನೊಂದಕ್ಕೆ ಹಾಸಿಗೆ. ಇವರು ಬಿಟ್ಟಿದ್ದು ಖಾರವನ್ನು; ಬಿಡಬೇಕಾಗಿದ್ದುದು ಹತ್ತೂವರೆಯ ಊಟವನ್ನು. ನಿಂತಿರುವಾಗ, ಕುಳಿತಿರುವಾಗ ಜಠರರಸ ತನ್ನ ಭಾರದಿಂದ ಕೆಳಗೇ ನಿಲ್ಲುತ್ತದೆ. ತುಂಬಿದ ಹೊಟ್ಟೆಯಲ್ಲಿ ಮಲಗಿದೊಡನೆ ಆ ಅನುಕೂಲ ತಪ್ಪುತ್ತದೆ.

ಅವರು ಮಾಡತಕ್ಕ ಮೊದಲ ಕೆಲಸ ಇದು: ರಾತ್ರಿಯ ಊಟಕ್ಕೂ ನಿದ್ರೆಗೂ ನಡುವೆ 3 ಗಂಟೆಗಳ ಅಂತರವಿರಲಿ. ಮಧ್ಯಾಹ್ನದ ಊಟ ದೊಡ್ಡದಾಗಲಿ, ರಾತ್ರಿಯದು ಹಗುರವಾಗಲಿ. ಎರಡನೆಯದು ಮಂಚದ ವಿಚಾರ. ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಅಲುಗಾಡದ ಇಟ್ಟಿಗೆಯನ್ನೋ ಮರದ ತುಂಡನ್ನೋ ಇಟ್ಟು 6ರಿಂದ 8 ಅಂಗುಲ ಎತ್ತರಿಸಬೇಕು. ದಿಂಬಿನ ಮೇಲೆ ದಿಂಬು ಹೇರಿದರೆ ಸಾಲದು; ಆಗ ದೇಹ ನಡುವಿನಲ್ಲಿ ಮಡಿಚಿ ಹೊಟ್ಟೆಯ ಮೇಲೆ ಒತ್ತಡವೇ ಹೆಚ್ಚುತ್ತದೆ. ನೆಲದ ಮೇಲೆ ಮಲಗುವವರು ಹಾಸಿಗೆಯ ತಲೆಭಾಗದಿಂದ ಸೊಂಟದವರೆಗೆ ಇಳಿಜಾರಾಗುವಂತೆ ಅಡಿಯಲ್ಲಿ ಕಂಬಳಿಗಳನ್ನು ಜೋಡಿಸಿಕೊಳ್ಳಬಹುದು. ಮೂರನೆಯದು, ಎಡ ಮಗ್ಗುಲಲ್ಲಿ ಮಲಗುವ ಅಭ್ಯಾಸ. ಆಗ ಜಠರವು ಅನ್ನನಾಳದ ಬಾಯಿಗಿಂತ ಕೆಳಗಾಗುತ್ತದೆ. ರಸ ಹಿಂದಿರುಗುವುದು ಕಡಿಮೆಯಾಗುತ್ತದೆ. ತೂಕ ಹೆಚ್ಚಿರುವವರು ಕೆಲವು ಕಿಲೋ ಇಳಿಸಿದರೂ ಗುಣ ಕಾಣುವುದುಂಟು.

ಆಹಾರದಲ್ಲಿ ಎಲ್ಲರಿಗೂ ಒಂದೇ ನಿಷೇಧ ಹೇರುವುದು ನ್ಯಾಯವಲ್ಲ. ಒಬ್ಬರಿಗೆ ಪುಂಡಿಪಲ್ಯ ಆಗದು, ಇನ್ನೊಬ್ಬರಿಗೆ ಮಿರ್ಚಿ ಭಜಿ ಆಗದು, ಮತ್ತೊಬ್ಬರಿಗೆ ಚಹಾವೇ ಶತ್ರು. ಎರಡು ವಾರ ಒಂದು ಪುಸ್ತಕದಲ್ಲಿ ಉಂಡದ್ದನ್ನೂ ಉಂಡ ವೇಳೆಯನ್ನೂ ಉರಿ ಬಂದ ಹೊತ್ತನ್ನೂ ಬರೆದಿಡಿ. ನಿಮ್ಮ ಶತ್ರು ಯಾವುದೆಂದು ಆ ಪುಸ್ತಕವೇ ಹೇಳುತ್ತದೆ, ಅದನ್ನಷ್ಟೇ ಬಿಡಿ. ಜೋಳದ ರೊಟ್ಟಿ, ಬೇಳೆ, ಕಾಯಿಪಲ್ಯಗಳ ನಮ್ಮ ನಿತ್ಯದ ಊಟದಲ್ಲಿ ದೋಷವೇನೂ ಇಲ್ಲ.

ಬೀದರ ಸೀಮೆಯಲ್ಲಿ ಎಳ್ಳ ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಭಜ್ಜಿ, ರೊಟ್ಟಿ, ಅಂಬಲಿಗಳ ಊಟ ಮಾಡುವುದನ್ನು ವಾಚಕರು ಬಲ್ಲರು. ಅಂದು ಯಾರೂ ಕೊಂಚ ಉಣ್ಣುವುದಿಲ್ಲ. ಆದರೆ ಆ ಊಟ ಹಗಲಿನದು; ಉಂಡವರು ಹೊಲದಲ್ಲಿ ಅಡ್ಡಾಡುತ್ತಾರೆ, ಮಾತಿಗೆ ಕೂಡುತ್ತಾರೆ. ಅದೇ ಪ್ರಮಾಣದ ಊಟವನ್ನು ರಾತ್ರಿ ಹತ್ತಕ್ಕೆ ಮಾಡಿ ಮಲಗಿದವನ ಪಾಡು ಬೇರೆ. ರಂಜಾನ್ ತಿಂಗಳಲ್ಲಿ ಉಪವಾಸವಿರುವ ವಾಚಕರಿಗೂ ಇದೇ ಸೂಚನೆ: ಇಫ್ತಾರಿನಲ್ಲಿ ಕರಿದ ತಿಂಡಿಗಳನ್ನು ಒಮ್ಮೆಗೇ ತುಂಬಿಕೊಳ್ಳದೆ ಎರಡು ಸಲವಾಗಿ ಉಣ್ಣುವುದು, ಸಹರಿಯ ಊಟವಾದೊಡನೆ ಮತ್ತೆ ಮಲಗದಿರುವುದು ಲೇಸು.

ಇನ್ನು ಔಷಧಗಳು. ಅಪರೂಪಕ್ಕೆ ಬರುವ ಉರಿಗೆ ಡೈಜೀನ್, ಜೆಲುಸಿಲ್‌ನಂಥ ಆಮ್ಲಹಾರಿಗಳು ಸಾಕು. ಈನೋ ಮೊದಲಾದ ಸೋಡದ ಪುಡಿಗಳಲ್ಲಿ ಸೋಡಿಯಂ ಇರುವುದರಿಂದ ರಕ್ತದ ಒತ್ತಡವುಳ್ಳವರೂ ಹೃದ್ರೋಗ, ಮೂತ್ರಪಿಂಡದ ರೋಗವುಳ್ಳವರೂ ಅವನ್ನು ರೂಢಿ ಮಾಡಿಕೊಳ್ಳಬಾರದು. ತಣ್ಣನೆಯ ಹಾಲು ಗಳಿಗೆಯ ಮಟ್ಟಿಗೆ ತಂಪೆನಿಸಿದರೂ ಬಳಿಕ ಹೆಚ್ಚು ಆಮ್ಲ ಒಸರುವಂತೆ ಮಾಡುತ್ತದೆ. ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚಾಗಿ ಉರಿ ಬರುತ್ತಿದ್ದರೆ ವೈದ್ಯರನ್ನು ಕಾಣತಕ್ಕದ್ದು.

ವೈದ್ಯರು ಸಾಮಾನ್ಯವಾಗಿ ಬರೆದುಕೊಡುವುದು ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ವರ್ಗದ ಗುಳಿಗೆಗಳನ್ನು. ಈ ವರ್ಗದ ಮೊದಲ ಔಷಧ 1988ರಲ್ಲಿ ಮಾರುಕಟ್ಟೆಗೆ ಬಂದಿತು. ಆಮ್ಲವನ್ನು ಹೊಮ್ಮಿಸುವ ಜೀವಕೋಶಗಳ ಪಂಪನ್ನೇ ಇವು ತಡೆಯುತ್ತವೆ. ಊಟದಿಂದ ಪಂಪು ಚುರುಕಾಗುವುದರಿಂದ, ಗುಳಿಗೆಯನ್ನು ಬೆಳಗಿನ ಉಪಾಹಾರಕ್ಕೆ ಅರ್ಧ ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಉಂಡ ಮೇಲೆ ನುಂಗಿ “ಗುಣವಿಲ್ಲ” ಎನ್ನುವವರೇ ಬಹಳ. ಸಾಮಾನ್ಯವಾಗಿ 4ರಿಂದ 8 ವಾರಗಳ ಚಿಕಿತ್ಸೆಯ ಬಳಿಕ ವೈದ್ಯರು ಪ್ರಮಾಣವನ್ನು ಇಳಿಸಿ ನೋಡುತ್ತಾರೆ. ಬಹುಕಾಲ ನುಂಗಿದವರು ಒಮ್ಮೆಗೇ ಬಿಟ್ಟರೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುವುದುಂಟು. ಅದನ್ನು ಕಂಡು, ಗುಳಿಗೆಯಿಲ್ಲದೆ ಬದುಕಿಲ್ಲವೆಂದು ತಿಳಿಯಬಾರದು, ಮೆಲ್ಲಮೆಲ್ಲನೆ ಬಿಡಬೇಕು. ವೈದ್ಯರ ಕಣ್ಣಿಲ್ಲದೆ ವರ್ಷಗಟ್ಟಲೆ ನುಂಗಿದರೆ ದೇಹದಲ್ಲಿ ಬಿ-12 ಜೀವಸತ್ವ, ಮೆಗ್ನೀಸಿಯಂಗಳು ಕಡಿಮೆಯಾಗುವ ಸಂಭವವಿದೆ. ಆದರೆ ಅನ್ನನಾಳದಲ್ಲಿ ಹುಣ್ಣಾಗಿರುವ ಕೆಲವರಿಗೆ ದೀರ್ಘಕಾಲದ ಔಷಧ ನಿಜವಾಗಿಯೂ ಬೇಕು; ಅಂಥವರು ಈ ಲೇಖನ ಓದಿ ಗುಳಿಗೆ ನಿಲ್ಲಿಸಬಾರದು. ಮನೆಯ ಪೆಟ್ಟಿಗೆಯಲ್ಲಿ ರಾನಿಟಿಡಿನ್‌ನ ಹಳೆಯ ಗುಳಿಗೆಗಳಿದ್ದರೆ ಬಳಸದಿರುವುದು ಒಳ್ಳೆಯದು. ಹಾನಿಕರ ಕಲ್ಮಶದ ಭಯದಿಂದ 2020ರಲ್ಲಿ ಅಮೇರಿಕೆಯಲ್ಲಿ ಅದರ ಮಾರಾಟವನ್ನು ನಿಲ್ಲಿಸಲಾಯಿತು, 2022ರಲ್ಲಿ ಭಾರತದ ಅಗತ್ಯ ಔಷಧಗಳ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು.

ಭಾಲ್ಕಿಯ ಸೋದರಿಗೆ ನಾವು ಹೇಳುವುದು ಇನ್ನೂ ತುರ್ತಿನ ಮಾತು. ನಿಮ್ಮ ಅತ್ತೆಯವರ ಉರಿ ಬರಿಯ ಬಾಗಿಲ ದೋಷವಲ್ಲದೆ ಇರಬಹುದು. ಡೈಕ್ಲೋಫೆನ್ಯಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಜಠರದ ಲೋಳೆಯ ಲೇಪವನ್ನೇ ತೆಳುವಾಗಿಸಿ ಹುಣ್ಣು ಮಾಡುತ್ತವೆ. ವಯಸ್ಸಾದವರಲ್ಲಿ ಆ ಹುಣ್ಣು ನೋವನ್ನೇ ತೋರದೆ ಒಮ್ಮೆಗೇ ರಕ್ತ ಸುರಿಸುವುದೂ ಉಂಟು. ಮಲ ಡಾಂಬರಿನಂತೆ ಕಪ್ಪಾಗಿ ಅಂಟುತ್ತಿದೆಯೇ, ಮುಖ ಬಿಳಿಚಿದೆಯೇ, ಎದ್ದು ನಿಂತರೆ ತಲೆ ಸುತ್ತುತ್ತದೆಯೇ ಎಂದು ಅವರನ್ನು ಕೇಳಿ ನೋಡಿ. ಕಬ್ಬಿಣದ ಗುಳಿಗೆಯಿಂದಲೂ ಮಲ ಕಪ್ಪಾಗುತ್ತದೆ. ಆದರೆ ಸಂದೇಹವಿದ್ದರೆ ಕಾಯಬಾರದು. ಎರಡು ಗುಳಿಗೆಗಳ ಚೀಟಿಯನ್ನೂ ವೈದ್ಯರ ಮುಂದಿಡಿ. ನೋವಿಗೆ ಹೊಟ್ಟೆಯನ್ನು ಕೆಡಿಸದ ಬೇರೆ ದಾರಿಗಳನ್ನು ಅವರು ಹೇಳಬಲ್ಲರು.

ಜಠರದ ಹುಣ್ಣಿಗೆ ಇನ್ನೊಂದು ಕಾರಣ ಹೆಲಿಕೋಬ್ಯಾಕ್ಟರ್ ಎಂಬ ಸೂಕ್ಷ್ಮಜೀವಿ. ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್, ರಾಬಿನ್ ವಾರನ್ ಎಂಬ ವೈದ್ಯರು 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. ಲೋಕ ನಂಬದಿದ್ದಾಗ 1984ರಲ್ಲಿ ಮಾರ್ಷಲ್ ಆ ಜೀವಿಗಳ ದ್ರಾವಣವನ್ನು ತಾನೇ ಕುಡಿದು ಹೊಟ್ಟೆ ಕೆಡಿಸಿಕೊಂಡನು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇಂಥ ಹುಣ್ಣನ್ನು ಇಂದು ಎರಡು ವಾರಗಳ ಔಷಧದಿಂದ ವಾಸಿಮಾಡುವುದು ಸಾಧ್ಯವಿದೆ. ಹುಣ್ಣನ್ನು “ಉರಿ” ಎಂದು ಕರೆದು ವರ್ಷಗಟ್ಟಲೆ ಸಹಿಸುವವರು ಈ ಸುಲಭ ಚಿಕಿತ್ಸೆಯನ್ನು ಕಳೆದುಕೊಳ್ಳುತ್ತಾರೆ.

ಈ ಕೆಳಗಿನವುಗಳಲ್ಲಿ ಒಂದು ಕಂಡರೂ ಮನೆಮದ್ದು ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು: ತುತ್ತು ಎದೆಯಲ್ಲಿ ಸಿಕ್ಕಿಕೊಂಡಂತಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ ಅಥವಾ ಕಪ್ಪು ಮಲ, ನಿಲ್ಲದ ವಾಂತಿ, ರಕ್ತಹೀನತೆ, 50 ದಾಟಿದ ಮೇಲೆ ಹೊಸದಾಗಿ ಕಾಣಿಸಿಕೊಂಡ ಉರಿ. ಇಂಥಲ್ಲಿ ಎಂಡೋಸ್ಕೋಪಿ ಮಾಡಿಸಬೇಕಾಗುತ್ತದೆ. ನಳಿಗೆಯ ಹೆಸರು ಕೇಳಿ ಹೆದರುವವರುಂಟು. ಗಂಟಲಿಗೆ ಮರವಿನ ಔಷಧ ಸಿಂಪಡಿಸಿ ಕೆಲವೇ ನಿಮಿಷಗಳಲ್ಲಿ ಮುಗಿಸುವ ಪರೀಕ್ಷೆ ಅದು.

ಕೊನೆಗೆ ಔರಾದದ ಉಪಾಧ್ಯಾಯರ ಪ್ರಶ್ನೆ. ಅನ್ನನಾಳವು ಹೃದಯದ ಬೆನ್ನಿಗೇ ಹಾದುಹೋಗುತ್ತದೆ. ಎರಡರ ನೋವನ್ನೂ ಮಿದುಳಿಗೆ ಒಯ್ಯುವ ನರಗಳ ದಾರಿ ಬಹುಮಟ್ಟಿಗೆ ಒಂದೇ. ಆದುದರಿಂದ ವೈದ್ಯರೂ ಬರಿಯ ಮಾತು ಕೇಳಿ ನಿರ್ಧರಿಸುವುದಿಲ್ಲ, ಹೃದಯದ ಇ.ಸಿ.ಜಿ. ಮಾಡುತ್ತಾರೆ, ಬೇಕಾದರೆ ಮತ್ತೊಮ್ಮೆ ಮಾಡುತ್ತಾರೆ. ಉಂಡ ಮೇಲೆ ಬರುವ, ಬಗ್ಗಿದರೆ, ಮಲಗಿದರೆ ಹೆಚ್ಚುವ, ಹುಳಿನೀರಿನೊಡನೆ ಏರುವ ಉರಿ ಸಾಮಾನ್ಯವಾಗಿ ಅನ್ನನಾಳದ್ದು. ಎದೆಯ ಮೇಲೆ ಭಾರ ಹೇರಿದಂಥ ಒತ್ತಡ, ತೋಳಿಗೋ ದವಡೆಗೋ ಬೆನ್ನಿಗೋ ಹಬ್ಬುವ ನೋವು, ತಣ್ಣನೆಯ ಬೆವರು, ಏದುಸಿರು, ನಡೆದರೆ ಹೆಚ್ಚಿ ನಿಂತರೆ ತಗ್ಗುವ ಸಂಕಟ ಇವು ಹೃದಯದವು. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ, ವೃದ್ಧರಲ್ಲಿ ಹೃದಯಾಘಾತವು ಬರಿಯ ಹೊಟ್ಟೆಯ ಸಂಕಟವಾಗಿಯೇ ಕಾಣಿಸಬಹುದು. ಸೋಡ ಕುಡಿದು ತೇಗು ಬಂದು ಹಗುರವೆನಿಸಿದರೂ ಹೃದಯ ಕ್ಷೇಮವೆಂದು ಅರ್ಥವಲ್ಲ.

ಔರಾದದಿಂದಾಗಲಿ ಭಾಲ್ಕಿಯಿಂದಾಗಲಿ ಬೀದರಕ್ಕೆ ಸುಮಾರು 40 ಕಿಲೋಮೀಟರ್. ಹೃದಯಾಘಾತದಲ್ಲಿ ಗಳಿಗೆ ಗಳಿಗೆಗೂ ಸ್ನಾಯು ಸಾಯುತ್ತದೆ. ಆದುದರಿಂದ ಸಂದೇಹ ಹುಟ್ಟಿದೊಡನೆ 108ಕ್ಕೆ ಕರೆಮಾಡಿ, ಸಮೀಪದ ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿರಿ. ಅದು ಬರಿಯ ಗ್ಯಾಸ್ ಎಂದಾದರೆ ನಷ್ಟವಾದದ್ದು ಒಂದು ರಾತ್ರಿಯ ನಿದ್ರೆ ಮಾತ್ರ. ಗ್ಯಾಸ್ ಎಂದು ಕಾದು ಹೃದಯವಾಗಿದ್ದರೆ ಆ ನಷ್ಟವನ್ನು ತುಂಬಿಕೊಡುವ ಔಷಧವಿಲ್ಲ.

ಉಪಾಧ್ಯಾಯರೇ, ಅಂದಿನ ರಾತ್ರಿಗಾಗಿ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ತಿಳಿಯದೆ ಆದದ್ದು ಅದು. ಆದರೆ ನಿಮ್ಮ ಪತ್ರವನ್ನು ಶಾಲೆಯ ಹಿರಿಯ ಮಕ್ಕಳಿಗೆ ಓದಿ ಹೇಳಿ. ಅವರಲ್ಲಿ ಒಬ್ಬನಾದರೂ ಮುಂದೊಂದು ರಾತ್ರಿ “ಗ್ಯಾಸ್ ಇರಲಿಕ್ಕಿಲ್ಲ, ನಡೀರಿ ದವಾಖಾನಿಗೆ” ಎಂದು ಮನೆಯ ಹಿರಿಯರನ್ನು ಎಬ್ಬಿಸುವನು.